ಸಾಹುಕಾರರ ಅಂಗೈ, ಕರೆಮ್ಮನ ಹಲ್ಲು

ಭತ್ತದ ಕಾಳನ್ನು ಮುಂದಿನ ಹಲ್ಲಿಗಿಟ್ಟು ಕಡಿದಾಗ ಕಟ್ ಎಂದರೆ ಒಣಗಿದೆ, ಮೆತ್ತಗೆ ಚಪ್ಪಟೆಯಾದರೆ ಹಸಿ ಇದೆ. ಸಿಂಧನೂರು ಸೀಮೆಯಲ್ಲಿ ಇಷ್ಟು ಗೊತ್ತಿಲ್ಲದವರಿಲ್ಲ. ಆದರೂ ಜಂಬಣ್ಣ ಸಾಹುಕಾರರ ರೈಸ್ ಮಿಲ್ಲಿನಲ್ಲಿ ಯಾರೂ ಕಾಳು ಕಡಿಯುತ್ತಿರಲಿಲ್ಲ. ಕಡಿದರೆ ಸಾಹುಕಾರರ ಕೈಯನ್ನು ಅನುಮಾನಿಸಿದಂತೆ. ಅಲ್ಲಿ ಕದ್ದು ಕಾಳು ಕಡಿದವಳು ಒಬ್ಬಳೇ, ವಳಕಮದಿನ್ನಿಯ ಕರೆಮ್ಮ. ಅವಳ ಕತೆ ಹೇಳಬೇಕೆಂದರೆ ಮೊದಲು ಆ ಕೈಯ ಕತೆ ಹೇಳಬೇಕು.

ನಾನು ಸಿದ್ದರಾಮೇಶ, ಅದೇ ಮಿಲ್ಲಿನ ಕಾಂಟಾದ ಗುಮಾಸ್ತ. ಟ್ರ್ಯಾಕ್ಟರ್ ತೂಗಿ ಚೀಟಿ ಬರೆಯುವವನು. ಇಪ್ಪತ್ತೆರಡು ವರ್ಷ ಆ ಕೈಯನ್ನು ಹತ್ತಿರದಿಂದ ಕಂಡಿದ್ದೇನೆ. ಭತ್ತದ ಟ್ರೇಲರ್ ಬಂದು ನಿಂತರೆ ಸಾಹುಕಾರರು ಅಂಗಿಯ ತೋಳು ಮಡಚಿ, ಬಲಗೈಯನ್ನು ಮೊಣಕೈವರೆಗೆ ರಾಶಿಯೊಳಗೆ ತೂರಿಸಿ ಕಣ್ಣು ಮುಚ್ಚುತ್ತಿದ್ದರು. ಸುತ್ತ ನಿಂತವರು ಕೆಮ್ಮುತ್ತಲೂ ಇರಲಿಲ್ಲ. ಆಮೇಲೆ ಕಣ್ಣು ತೆರೆದು, “ಹದಿನಾರು” ಎನ್ನುತ್ತಿದ್ದರು. ಎಂದರೆ ತೇವ ನೂರಕ್ಕೆ ಹದಿನಾರು; ಹದಿನಾಲ್ಕು ದಾಟದಿದ್ದರೆ ಒಣ ಭತ್ತ. ಒಮ್ಮೆ ತೇವ ಅಳೆಯುವ ಮೀಟರ್ ಮಾರಲು ಬಂದವನೊಬ್ಬ ಹತ್ತು ಟ್ರೇಲರುಗಳಲ್ಲಿ ಪರೀಕ್ಷೆ ಮಾಡಿದ. ಹತ್ತರಲ್ಲೂ ಮೀಟರು ಹೇಳಿದ್ದನ್ನೇ ಕೈ ಹೇಳಿತು. ಅವನು ಮೀಟರನ್ನು ಕಾಣಿಕೆಯಾಗಿ ಇಟ್ಟು ಕೈಮುಗಿದು ಹೋದ. ಸಾಹುಕಾರರು ಅದನ್ನು ಬೀರುವಿನಲ್ಲಿಟ್ಟು ಕೀಲಿ ಹಾಕಿದರು.

“ಇದಕ್ಕ ಹಸಿ ಅಷ್ಟ ಗೊತ್ತಾಗತೈತಿ, ರೈತನ ಅವಸರ ಗೊತ್ತಾಗಂಗಿಲ್ಲ” ಎಂದರು.

ಆ ಮಾತಿಗೆ ನನ್ನ ಮೈ ಜುಮ್ಮೆಂದಿತ್ತು. ಈಗಲೂ ಅನ್ನುತ್ತದೆ, ಸುಳ್ಳೇಕೆ ಹೇಳಲಿ. ಜವಳಗೇರಾದಲ್ಲಿ ಭತ್ತ ಸುಲಿಯುವ ಒಂದು ಸಣ್ಣ ಹಲ್ಲರ್ ಇಟ್ಟುಕೊಂಡಿದ್ದ ಮನುಷ್ಯ ಇನ್ನೂರು ಜನ ದುಡಿಯುವ ಮಿಲ್ಲು ಕಟ್ಟಿದ್ದರು. ಪ್ರತಿ ಹಮಾಲನ ಮಕ್ಕಳ ಹೆಸರು, ಅವು ಎಷ್ಟನೆಯ ಈಯತ್ತೆ ಎಂಬುದು ಅವರಿಗೆ ನೆನಪಿತ್ತು. ಮಳೆ ಬಂದಾಗ ತಾವೇ ಚೀಲ ಹೊತ್ತರೆ, ಹಿಂದೆ ನಿಂತ ನಾವು ಎರಡೆರಡು ಹೊರುತ್ತಿದ್ದೆವು. ಅವರು ಬೆನ್ನು ತಟ್ಟಿದ ದಿನ ಮನೆಗೆ ಹೋಗಿ ಹೆಂಡತಿಗೆ ಹೇಳದೆ ಇದ್ದವನು ನಮ್ಮಲ್ಲಿ ಯಾರೂ ಇರಲಿಲ್ಲ.

ಕರೆಮ್ಮ ಮಿಲ್ಲಿಗೆ ಬಂದದ್ದು ಇಪ್ಪತ್ತರ ಪ್ರಾಯದಲ್ಲಿ. ಗಂಡ ಕುರಿ ಮಾರಿ ಹಮಾಲಿಗೆ ಸೇರಿದ, ಇವಳು ಸಿಮೆಂಟಿನ ಕಣದಲ್ಲಿ ಭತ್ತ ತಿರುವಲು ಸೇರಿದಳು. ಹೆಂಗಸರು ಸಾಲಾಗಿ ಕಾಲು ಎಳೆಯುತ್ತ ನಡೆದು, ಬಿಸಿಲಿಗೆ ಹರವಿದ ಭತ್ತವನ್ನು ಪಾದದಿಂದಲೇ ಮಗುಚುವ ಕೆಲಸ ಅದು. ಅವಳ ಕೆಲಸ ನೋಡಿದ ಸಾಹುಕಾರರು ಒಂದು ದಿನ ಕೂಲಿಗಳ ಉಸ್ತುವಾರಿಯ ಗಂಡಸು ಮುಕಾದಮರ ಎದುರಿಗೇ, “ಕಣ ಇನ್ನ ನಿಂದು, ಕರೆಮ್ಮ” ಎಂದುಬಿಟ್ಟರು. ಆ ಒಂದು ಮಾತಿನ ಮೇಲೆ ಅವಳು ಇಪ್ಪತ್ತು ವರ್ಷ ಬದುಕಿದಳು. ಜ್ವರ ಬಂದರೂ ಬಂದಳು. ಹನ್ನೆರಡು ಹೆಂಗಸರನ್ನು ಬೈದು, ನಗಿಸಿ, ಬಿಸಿಲಲ್ಲಿ ನಡೆಸಿದಳು.

ಎರಡು ವರ್ಷದ ಹಿಂದೆ ಆಫೀಸಿನಲ್ಲಿ ಸಾಹುಕಾರರು ಚಹಾ ಕುಡಿಯುತ್ತಿದ್ದರು. ಆಗಷ್ಟೇ ಒಲೆಯಿಂದ ಇಳಿದ ಚಹಾ. ಹೋಟೆಲಿನವನು ಸ್ಟೀಲ್ ಲೋಟವನ್ನು ಬಟ್ಟೆಯಲ್ಲಿ ಹಿಡಿದು ತಂದಿದ್ದ. ಸಾಹುಕಾರರು ಅದನ್ನು ಅಂಗೈ ತುಂಬ ಹಿಡಿದು ಮಾತಾಡುತ್ತಲೇ ಇದ್ದರು. ಹೆಂಗಸರ ಹಾಜರಿ ಹೇಳಲು ಬಂದಿದ್ದ ಕರೆಮ್ಮ ಅದನ್ನು ನೋಡಿದಳು. ಮರುದಿನ ಆ ಅಂಗೈಯಲ್ಲಿ ಬೊಕ್ಕೆ ಎದ್ದಿತ್ತು. ಸಕ್ಕರೆ ಕಾಯಿಲೆ ಆ ಕೈಯನ್ನು ಒಳಗಿಂದೊಳಗೆ ಜೋಮು ಹಿಡಿಸಿತ್ತು. ಬಿಸಿ ತಿಳಿಯದ ಕೈಗೆ ತೇವ ಹೇಗೆ ತಿಳಿದೀತು?

ಅಂದಿನಿಂದ ಅವಳು ಪ್ರತಿ ಟ್ರೇಲರಿನಿಂದ ನಾಲ್ಕು ಕಾಳು ಸೆರಗಿಗೆ ಹಾಕಿಕೊಂಡು, ಮರೆಗೆ ಹೋಗಿ ಕಡಿಯತೊಡಗಿದಳು. ಸಾಹುಕಾರರು ಒಣಗಿದೆ ಎಂದ ಭತ್ತ ಹಸಿ ಇದ್ದರೆ, ಕಸ ತೆಗೆಯಬೇಕೆಂದು ನೆಪ ಹೇಳಿ ಕಣಕ್ಕೆ ಸುರಿಸಿ ಒಣಗಿಸುತ್ತಿದ್ದಳು. ಹೆಂಗಸರು ದಿನಕ್ಕೆ ಎರಡು ದಿನದ ನಡಿಗೆ ನಡೆದರು. ಅಕ್ಕಿ ಕೆಡಲಿಲ್ಲ, ಸಾಹುಕಾರರ ಕೈಯ ಹೆಸರೂ ಕೆಡಲಿಲ್ಲ. ನನಗೂ ಗುಮಾನಿ ಬಂದಿತ್ತು. ಆದರೆ ಬಾಯಿ ಬಿಡುವ ಗಂಡಸುತನ ನನ್ನಲ್ಲಿರಲಿಲ್ಲ, ನಾನು ಚೀಟಿ ಬರೆದುಕೊಂಡು ಕೂತೆ.

ಈ ವರ್ಷ ಸಾಹುಕಾರರ ಮಗ ಅನಿಲಕುಮಾರ ಮೂರು ಮಹಡಿ ಎತ್ತರದ ಉಕ್ಕಿನ ಸೈಲೋ ಕಟ್ಟಿಸಿದ. ಒಣ ಭತ್ತ ಕಣಕ್ಕೆ ಬರದೆ ನೇರ ಅದರೊಳಗೆ ಹೋಗುತ್ತದೆ. ಒಂದು ಟ್ರೇಲರ್ ಹಸಿ ಭತ್ತ ಸೇರಿದರೆ ಸಾಕು, ಒಳಗೆ ಕಾವು ಹುಟ್ಟಿ ಸುತ್ತಲಿನ ರಾಶಿಯೂ ಹಳದಿಯಾಗುತ್ತದೆ. ಅನಿಲಕುಮಾರನಿಗೆ ಇದೆಲ್ಲ ಗೊತ್ತು, ಓದಿದವನು. ಆದರೆ ಅಪ್ಪನ ಹತ್ತಿರ ಮೀಟರ್ ಇಟ್ಟ ಬೀರುವಿನ ಕೀಲಿ ಕೇಳುವ ಧೈರ್ಯ ಅವನಿಗೂ ಇರಲಿಲ್ಲ. ಬೇಸಿಗೆ ಬೆಳೆಯ ಕಟಾವಿನ ಹೊತ್ತಿಗೆ ಅಕಾಲ ಮಳೆಯೂ ಸುರಿಯಿತು.

ಸೈಲೋ ತುಂಬಲು ಶುರುವಾದ ಮೊದಲ ದಿನವೇ ಸಾಹುಕಾರರು ಒಂದು ಟ್ರೇಲರಿಗೆ ಕೈ ಹಾಕಿ, “ಹದಿನಾಲ್ಕು, ಸೈಲೋಕ್ಕ ಹಾಕ್ರಿ” ಎಂದರು. ಕರೆಮ್ಮ ಕಾಳು ಕಡಿದಳು. ಕಟ್ ಅನ್ನಲಿಲ್ಲ. ಈ ಸಲ ನೆಪ ಹೇಳಲು ಕಣದ ದಾರಿಯೇ ಇರಲಿಲ್ಲ. ಸುಮ್ಮನಿದ್ದರೆ ಇನ್ನೂರು ಜನರ ಅನ್ನ ಕೊಳೆಯುತ್ತದೆ. ಬಾಯಿ ಬಿಟ್ಟರೆ, ತನಗೆ ಕಣ ಕೊಟ್ಟ ಮನುಷ್ಯನ ಮಾನವನ್ನು ರೈತರ ಎದುರಿಗೆ ತಾನೇ ತೆಗೆದಂತೆ, ಆ ಕಣವೂ ಹೋಗಬಹುದು. ಅವಳು ಸಾಹುಕಾರರ ಮುಂದೆ ಬಂದು ನಿಂತದ್ದು ನನಗೆ ಕಾಂಟಾದ ಕಿಟಕಿಯಿಂದಲೇ ಕಂಡಿತು.

“ಯಪ್ಪಾ, ಇದು ಹಸಿ ಐತ್ರಿ.”

ಅನಿಲಕುಮಾರ ಅವಳಿಗೆ ಹಿಂದೆ ಸರಿಯಲು ಹೇಳಿದ. ಸಾಹುಕಾರರು ಅವನನ್ನು ಕೈಯಿಂದಲೇ ತಡೆದರು. ಅವಳತ್ತ ತಿರುಗಿ, “ಎಷ್ಟು ದಿನ ಆತು ನಿನಗ ಗೊತ್ತಾಗಿ?” ಎಂದರು. ಎರಡು ವರ್ಷ ಎಂದಳು. ಹಾಗಾದರೆ ಅಕ್ಕಿ ಯಾಕೆ ಕೆಡಲಿಲ್ಲ ಎಂದು ಕೇಳಿದರು. ಅವಳು ಹಿಂದೆ ನಿಂತ ಹೆಂಗಸರ ಕಡೆ ತಿರುಗಿದಳು. ಸಾಹುಕಾರರ ಕಣ್ಣು ಹೆಂಗಸರ ಬಿರಿದ ಹಿಮ್ಮಡಿಗಳ ಮೇಲೆ ಹೋಯಿತು. ಅವರಿಗೆ ಎಲ್ಲ ತಿಳಿಯಿತು. ಆಮೇಲೆ ಅವರು ಮಾಡಿದ್ದನ್ನು ನೋಡಿ ನನಗೆ ಅಳು ಬಂತು. ತಲೆಯ ರುಮಾಲು ತೆಗೆದು, ಆ ಹನ್ನೆರಡು ಹೆಂಗಸರಿಗೆ ಕೈಮುಗಿದರು.

“ಇವತ್ತಿಂದ ಕರೆಮ್ಮನ ಮಾತೇ ನನ್ನ ಮಾತು” ಎಂದರು. “ಆಕಿ ಒಣಗೈತಿ ಅಂದ್ರ ಒಣಗೈತಿ.”

ಎಂಥ ದೊಡ್ಡ ಮನುಷ್ಯ ಎಂದು ಎಲ್ಲರೂ ಕೊಂಡಾಡಿದೆವು. ಮರುದಿನದಿಂದ ಟ್ರೇಲರ್ ಬಂದರೆ ಎಲ್ಲರ ಕಣ್ಣು ಕರೆಮ್ಮನ ಬಾಯಿಯ ಮೇಲೆ. ಅವಳು ಕಾಳು ಕಡಿಯುವಾಗ ಯಾರೂ ಕೆಮ್ಮಲಿಲ್ಲ. ಅವಳ ಹಲ್ಲಿನಲ್ಲಿ ದೇವರಿದ್ದಾನೆ ಎಂದು ಒಬ್ಬ ಹಮಾಲ ಹೇಳಿದ, ನಾನೂ ಹೌದೆಂದೆ. ಅವಳು ಮಾತ್ರ ದಿನದಿಂದ ದಿನಕ್ಕೆ ಸಿಡುಕಿಯಾದಳು. ನಾವೂ ಕಡಿದು ನೋಡಬೇಕೆಂದು ಅವಳು ಎಷ್ಟು ಸಲ ಹೇಳಿದರೂ ನಾವು ನಕ್ಕು ಕೈಮುಗಿಯುತ್ತಿದ್ದೆವು.

ಐದನೆಯ ದಿನ ಸಾಲಗುಂದದ ಟ್ರೇಲರೊಂದು ಬಂತು. ಮಳೆಯಲ್ಲೇ ಕೊಯ್ದ ಭತ್ತ, ನಾನು ಮುಟ್ಟಿದರೆ ಬೆರಳಿಗೆ ಅಂಟಿತು. ಕರೆಮ್ಮ ಕಡಿದಳು. “ಒಣಗೈತಿ. ಸೈಲೋಕ್ಕ ಹಾಕ್ರಿ” ಎಂದಳು. ನಾನು ಚೀಟಿ ಬರೆದೆ. ಅನಿಲಕುಮಾರ ಸಹಿ ಮಾಡಿದ. ಭತ್ತದ ರೈತ ತನ್ನ ಪುಣ್ಯವನ್ನು ನಂಬಲಾರದೆ ಆಕಾಶ ನೋಡುತ್ತಿದ್ದ. ಹಮಾಲರು ಟ್ರೇಲರಿನ ಬಾಗಿಲು ತೆರೆಯಲು ಹೋದಾಗ ಅವಳು ಅಡ್ಡ ನಿಂತಳು.

“ಸಿದ್ರಾಮಣ್ಣ, ನಿನ್ನ ಕೈಗೆ ಹಸಿ ಹತ್ತಲಿಲ್ಲೇನು?”

ಹತ್ತಿತು ಎಂದೆ.

“ಮತ್ಯಾಕ ಬರದಿ?”

“ನೀ ಅಂದಿ ಅಂತ ಬರದೆ.”

“ನಾ ಬೇಕಂತ ಸುಳ್ಳು ಹೇಳೀನಿ. ಒಬ್ಬರರ ಅಲ್ಲ ಅಂತೀರೇನು ಅಂತ ನೋಡಾಕತ್ತಿದ್ದೆ” ಎಂದಳು. ಅವಳ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಸಿಟ್ಟಿತ್ತು. “ನಾಳೆ ನನ್ನ ಹಲ್ಲು ಬಿದ್ರ ಏನ್ ಮಾಡ್ತೀರಿ?”

ನಾನು ಬರೆದ ಚೀಟಿಯನ್ನು ಹರಿದು ಹಾಕಿದೆ. ಏಳನೆಯ ಈಯತ್ತೆಯೂ ಮುಟ್ಟದ ಹೆಂಗಸು ಇಡೀ ಮಿಲ್ಲನ್ನು ಒಂದು ಸುಳ್ಳಿನಿಂದ ತೂಗಿದ್ದಳು. ಅವಳ ಮುಂದೆ ನಾನು ಎಷ್ಟು ಸಣ್ಣವನು ಎಂದು ಅವತ್ತು ತಿಳಿಯಿತು.

ಆಫೀಸಿನ ಜಗುಲಿಯ ಮೇಲೆ ಕುರ್ಚಿ ಹಾಕಿಕೊಂಡಿದ್ದ ಸಾಹುಕಾರರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಎದ್ದು ಬರುತ್ತಾರೆಂದುಕೊಂಡೆವು, ಬರಲಿಲ್ಲ. ತಮ್ಮ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಲ್ಲಿಂದಲೇ ಮೆಲ್ಲಗೆ ಹೇಳಿದರು.

“ನಲವತ್ತು ವರ್ಷದಾಗ ನಾ ಒಮ್ಮೆನೂ ಹಂಗ ಸುಳ್ಳು ಹೇಳಿ ನೋಡಲಿಲ್ಲ, ಕರೆಮ್ಮ. ಯಾರೂ ಅಲ್ಲ ಅನ್ನಲಾರದ್ದು ನನಗ ಭಾಳ ಹಿತ ಆಗಿತ್ತು.”