ಕಣ್ಣಿಗೆ ಮಾತ್ರ ಕನ್ನಡ

ಮಹಾರಾಷ್ಟ್ರದ ಗಡಿಯಲ್ಲಿರುವ ಗಡಹಿಂಗ್ಲಜದ ಒಂದು ಕಾಲೇಜಿಗೆ ಬಿ.ಎ. ಕನ್ನಡ ಪರೀಕ್ಷೆಯ ಮೇಲ್ವಿಚಾರಣೆಗೆ ಹೋಗಿದ್ದೆ. ನನ್ನ ಪಾಲಿಗೆ ಬಂದವಳು ಒಬ್ಬಳೇ ವಿದ್ಯಾರ್ಥಿನಿ. ಅವಳಿಗೆ ಕಣ್ಣು ಕಾಣುವುದಿಲ್ಲ. ಆಫೀಸಿಗೆ ಹತ್ತಿಕೊಂಡ, ಹಳೆಯ ಉತ್ತರಪತ್ರಿಕೆಗಳ ಗಂಟು ಪೇರಿಸಿದ್ದ ಕೋಣೆಯಲ್ಲಿ ಅವಳನ್ನು ಕೂರಿಸಿದ್ದರು. ಅಲ್ಲಿ ನಡೆದದ್ದನ್ನು ಕಂಡಷ್ಟೇ ಬರೆಯುತ್ತೇನೆ. ಕೆಲವು ಮಾತುಗಳ ಹಿಂದುಮುಂದು ಈಗ ಖಚಿತವಿಲ್ಲ.

ಅವಳ ತಂದೆತಾಯಿ ಇಚಲಕರಂಜಿಯ ಮಗ್ಗದಲ್ಲಿ ದುಡಿಯುವವರು. ಅವಳು ಇಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಅವಳ ಹಳೆಯ ಲ್ಯಾಪ್‌ಟಾಪಿಗೆ ಕೊಲ್ಹಾಪುರದ ಪರಿಚಯದವರೊಬ್ಬರು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಟ್ಟಿದ್ದರು. ಫೈಲಿನಲ್ಲಿರುವ ಅಕ್ಷರಗಳನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಅವಳು ಕೇಳಿ, ಟೈಪ್ ಮಾಡುತ್ತಿದ್ದಳು.

ಹಿಂದಿನ ವರ್ಷ ಅವಳಿಗೆ ಬರೆದುಕೊಡಲು ಒಬ್ಬನನ್ನು ನೇಮಿಸಿದ್ದರು. ಮನೆಯಲ್ಲಿ ಕನ್ನಡ ಮಾತಾಡುವವನೇ, ಆದರೆ ಕಲಿತದ್ದು ಮರಾಠಿ ಶಾಲೆಯಲ್ಲಿ. ಅವಳು ಹೇಳಿದ ಕನ್ನಡವನ್ನು ಒಂದು ಮಾತೂ ಬಿಡದೆ ಮರಾಠಿ ಅಕ್ಷರಗಳಲ್ಲಿ ಬರೆದಿಟ್ಟಿದ್ದ. ಆ ಪತ್ರಿಕೆಗೆ ಅಂಕವೇ ಬರಲಿಲ್ಲ. ಈ ಸಲ ಅವಳು ಓದುವವರೂ ಬೇಡ, ಬರೆಯುವವರೂ ಬೇಡ ಎಂದು ಬರೆದುಕೊಟ್ಟು, ಲ್ಯಾಪ್‌ಟಾಪಿಗೆ ಅನುಮತಿ ಪಡೆದಿದ್ದಳು. ಇದು ಮೊದಲ ಪತ್ರಿಕೆ. ಇಲ್ಲಿ ಎಡವಿದರೆ ಅನುಮತಿ ಹೋಗುತ್ತದೆ, ಉಳಿದ ಪತ್ರಿಕೆಗಳಿಗೆ ಮತ್ತೆ ಅಂಥವನೇ ಬರುತ್ತಾನೆ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಗಂಟೆ ಹೊಡೆಯಿತು. ಕ್ಲಾರ್ಕ್ ಪೆನ್‌ಡ್ರೈವ್ ತಂದುಕೊಟ್ಟರು. ಪ್ರಶ್ನೆಪತ್ರಿಕೆ ವರ್ಡ್ ಫೈಲಿನಲ್ಲಿತ್ತು. ಅವಳು ಅದನ್ನು ತೆರೆದು ಹೆಡ್‌ಫೋನ್ ಹಾಕಿಕೊಂಡಳು. ಸ್ವಲ್ಪ ಹೊತ್ತು ಕೇಳಿ ಹೆಡ್‌ಫೋನ್ ಕಿತ್ತು ನನ್ನ ಕಡೆ ಹಿಡಿದಳು.

"ಮ್ಯಾಡಮ್, ಇದು ಕನ್ನಡ ಅಲ್ಲರಿ."

ಕಿವಿಗಿಟ್ಟುಕೊಂಡೆ. ಇಂಗ್ಲಿಷ್ ಅಕ್ಷರಗಳು, ನಡುವೆ ಗೆರೆ, ಚುಕ್ಕೆ, ಅಂಕಿ. ಅರ್ಥವಿಲ್ಲದ್ದನ್ನು ಆ ಯಂತ್ರ ಒಂದೇ ದನಿಯಲ್ಲಿ ಓದುತ್ತಿತ್ತು. ತೆರೆಯ ಮೇಲೂ ಅದೇ ಕಸ.

ಕ್ಲಾರ್ಕ್ ಬಗ್ಗಿ ನೋಡಿದರು. "ನಮ್ಮ ಕಂಪ್ಯೂಟರದಾಗ ಬರೋಬರಿ ಕಾಣತೈತ್ರಿ. ಇದು ಫುಕಟ ಲಿನಕ್ಸದ ಆಟ."

"ಕಾಕಾ, ನಿಮ್ಮ ಕಂಪ್ಯೂಟರ ತೋರಸತೈತಿ. ನಂದು ಓದತೈತಿ," ಎಂದಳು ಅವಳು. ನಗಲು ನೋಡಿದಳು, ಆಗಲಿಲ್ಲ.

ಪರೀಕ್ಷಾ ಕೇಂದ್ರದ ಮುಖ್ಯಸ್ಥರು ಬಂದರು. ಅವರಿಗೆ ಎಲ್ಲರೂ ಸರ್ ಎನ್ನುತ್ತಿದ್ದರು. ಫಾಂಟ್ ಇಲ್ಲದ್ದಕ್ಕೆ ಹೀಗಾಗಿದೆ ಎಂದು ಆಫೀಸಿನ ಕಂಪ್ಯೂಟರಿನಿಂದ ಆ ಹಳೆಯ ಕನ್ನಡ ಫಾಂಟ್ ತರಿಸಿ ಹಾಕಿಸಿದರು. ಫೈಲನ್ನು ಮುಚ್ಚಿ ಮತ್ತೆ ತೆರೆದೆವು. ತೆರೆಯ ತುಂಬ ದುಂಡಗಿನ, ಸ್ವಚ್ಛ ಕನ್ನಡ ಮೂಡಿತು.

"ಹಾಂ! ಆಲಂ ಬಘಾ!" ಬಂತು ನೋಡಿ ಎಂದು ಮರಾಠಿಯಲ್ಲಿ ಕೂಗಿ ಕ್ಲಾರ್ಕ್ ಚಪ್ಪಾಳೆ ತಟ್ಟಿದರು. ಸರ್ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ನಾನೂ ಉಸಿರು ಬಿಟ್ಟೆ.

ಅವಳು ಕೇಳುತ್ತ ಕೂತಿದ್ದಳು. ಮುಖ ಬದಲಾಗಲಿಲ್ಲ.

"ಏನ್ ಬಂತ್ರಿ? ನನಗ ಏನೂ ಬಂದಿಲ್ಲ."

ಆಗ ನನಗೆ ತಿಳಿಯಿತು. ಫೈಲಿನೊಳಗೆ ಕನ್ನಡ ಮೊದಲಿನಿಂದಲೂ ಇರಲಿಲ್ಲ. ಒಳಗಿದ್ದದ್ದು ಇಂಗ್ಲಿಷ್ ಅಕ್ಷರಗಳೇ, ಫಾಂಟ್ ಅವುಗಳ ಮೇಲೆ ಕನ್ನಡದ ವೇಷ ತೊಡಿಸಿತ್ತು. ನಾವು ಮೂವರೂ ವೇಷ ನೋಡಿ ಸಂತೋಷಪಟ್ಟಿದ್ದೆವು. ನಮ್ಮ ಕಡೆ ಕನ್ನಡ ಟೈಪ್ ಮಾಡುವವರು ಮೊದಲಿನಿಂದ ಹೀಗೇ ಮಾಡುತ್ತ ಬಂದಿದ್ದಾರೆ. ಅಚ್ಚು ಚೆನ್ನಾಗಿ ಬಂದರೆ ಮುಗಿಯಿತು. ಒಳಗೇನಿದೆ ಎಂದು ಯಾರೂ ಕೇಳಿರಲಿಲ್ಲ.

"ಮ್ಯಾಡಮ್, ನೀವ ಓದಿ ಹೇಳಿಬಿಡ್ರಿ," ಎಂದರು ಸರ್.

"ಬ್ಯಾಡ್ರಿ," ಎಂದಳು ಅವಳು. ದನಿ ಸಣ್ಣಗಿತ್ತು. "ಅವರು ಓದಿದ್ರ ನೀವು ವರದಿದಾಗ ಏನ್ ಬರೀತೀರಿ ಸರ್?"

ಸರ್ ಹೇಳಿದರು: "ಓದವ್ರನ್ನ ಕೊಟ್ಟೇವಿ ಅಂತ ಬರೀಬೇಕಾಗತೈತಿ."

"ಹಂಗಾದ್ರ ನಾಡದ್ದಿನ ಪೇಪರಿಗೆ ಬರಿಯಾಂವನ್ನೂ ಕೊಡತಾರ. ನಾ ಬರಕೊಟ್ಟಿದ್ದು ಸುಳ್ಳ ಆಗತೈತಿ."

ಪಕ್ಕದ ಹಾಲಿನಲ್ಲಿ ಹುಡುಗರು ಉತ್ತರ ಬರೆಯುತ್ತಿದ್ದರು. ಹಾಳೆ ತಿರುವುವ ಸದ್ದು ಗೋಡೆ ದಾಟಿ ಬರುತ್ತಿತ್ತು. ಅವಳೂ ಅದನ್ನು ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಬೆರಳು ಮಡಚಿದ ರೀತಿಯಿಂದ ಗೊತ್ತಾಯಿತು.

ಪತ್ರಿಕೆಯನ್ನು ಯುನಿಕೋಡಿನಲ್ಲಿ, ಅಂದರೆ ಯಂತ್ರವೂ ಓದಬಲ್ಲ ನಿಜವಾದ ಕನ್ನಡ ಅಕ್ಷರಗಳಲ್ಲಿ, ಮತ್ತೆ ಟೈಪ್ ಮಾಡಬೇಕಿತ್ತು. ಕ್ಲಾರ್ಕರಿಗೆ ಹಳೆಯ ಫಾಂಟ್ ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು, ಆದರೆ ಮೊಬೈಲಿನಲ್ಲಿ ಮಾತ್ರ. ಪರೀಕ್ಷೆಯ ಹೊತ್ತಿನಲ್ಲಿ ನಮ್ಮ ಮೊಬೈಲುಗಳೆಲ್ಲ ಸರ್ ಅವರ ಕಪಾಟಿನಲ್ಲಿ ಬೀಗದೊಳಗೆ. ಹೇಳಲೋ ಬೇಡವೋ ಎಂದು ಅಳುಕುತ್ತಲೇ ಹೇಳಿದೆ.

ಸರ್ ನನ್ನನ್ನೇ ನೋಡಿದರು. ಎದ್ದು ಹೋಗಿ ನನ್ನ ಮೊಬೈಲ್ ತಂದರು.

"ಸಿಮ್ ತಗೀರಿ. ನನ್ನ ಕೈಯಾಗ ಕೊಡ್ರಿ."

ಸಿಮ್ ತೆಗೆಯುವ ಸೂಜಿಗಾಗಿ ಹುಡುಕಾಡಿದೆವು. ಕೊನೆಗೆ ಕ್ಲಾರ್ಕ್ ಕಾಗದದ ಕ್ಲಿಪ್ ನೆಟ್ಟಗೆ ಮಾಡಿ ಕೊಟ್ಟರು. ಸರ್ ಸಿಮ್ಮನ್ನು ಅಂಗೈಯಲ್ಲಿ ಹಿಡಿದು ನನ್ನ ಪಕ್ಕದಲ್ಲೇ ನಿಂತರು. ಲ್ಯಾಪ್‌ಟಾಪ್ ತೆರೆ ನೋಡುತ್ತ ಮೊಬೈಲಿನಲ್ಲಿ ಒಂದೊಂದೇ ಪ್ರಶ್ನೆ ಒತ್ತಿದೆ. ಮೊಬೈಲ್ ನಾನು ಒತ್ತಿದ ಪದ ಬಿಟ್ಟು ತನಗೆ ಗೊತ್ತಿರುವ ಪದ ಹಾಕುತ್ತಿತ್ತು. ಅಳಿಸಿ ಮತ್ತೆ ಒತ್ತಬೇಕಿತ್ತು. ತಪ್ಪು ಪ್ರಶ್ನೆಗೆ ಅವಳು ಸರಿಯುತ್ತರ ಬರೆದರೆ ಏನು ಗತಿ ಎಂಬ ಯೋಚನೆ ತಲೆಯಿಂದ ಹೋಗಲಿಲ್ಲ. ಪ್ರತಿ ಸಾಲನ್ನೂ ಸರ್ ತುಟಿ ಅಲುಗಿಸದೆ ತಾಳೆ ನೋಡಿದರು.

ಕೇಬಲ್ ಹಾಕಿ ಫೈಲ್ ಸಾಗಿಸಿದೆವು. ಅವಳು ತೆರೆದಳು. ಕೇಳುತ್ತ ಕೇಳುತ್ತ ತಲೆ ಸ್ವಲ್ಪ ಬಾಗಿಸಿದಳು. ಟೈಪ್ ಮಾಡಲು ಶುರುಮಾಡಿದಳು.

ಕಳೆದ ಸಮಯ ತುಂಬಿಕೊಡಲು ಮೇಲಿನವರ ಒಪ್ಪಿಗೆ ಬೇಕಿತ್ತು. ಸರ್ ಕೊಲ್ಹಾಪುರದ ವಿಶ್ವವಿದ್ಯಾಲಯಕ್ಕೆ ಫೋನ್ ಹಚ್ಚುತ್ತಲೇ ಇದ್ದರು. ಅಲ್ಲಿ ಯಾರೂ ಎತ್ತಲಿಲ್ಲ. ಮುಗಿಯುವ ಗಂಟೆ ಆಯಿತು. ಹಾಲಿನಿಂದ ಹುಡುಗರು ಗದ್ದಲ ಮಾಡುತ್ತ ಹೊರಬಿದ್ದರು. ಅವಳ ಬೆರಳುಗಳು ಕೀಲಿಗಳ ಮೇಲೆ ನಿಂತವು.

"ಸರ್, ಇನ್ನೂ ಒಂದು ಉಳದೈತಿ."

ಸರ್ ಬಾಗಿಲನ್ನು ಒಳಗಿನಿಂದ ಮುಚ್ಚಿದರು. "ಬರಿಯವಾ. ಯಾರರ ಕೇಳಿದ್ರ ನಾ ಅದೇನಿ."

ಅವಳು ಮುಗಿಸಿ, ಉತ್ತರವನ್ನು ವರ್ಡ್ ಫೈಲಾಗಿ ಉಳಿಸಿ ಪೆನ್‌ಡ್ರೈವ್ ಕೊಟ್ಟಳು. ಸರ್ ಅಲ್ಲೇ ಕೂತು ವರದಿ ಬರೆದು, ನಮ್ಮಿಬ್ಬರಿಗೂ ಓದಿ ಹೇಳಿದರು: ಫೈಲ್ ಯಂತ್ರದಲ್ಲಿ ಓದಲು ಬಾರದ್ದರಿಂದ ಮತ್ತೆ ಟೈಪ್ ಮಾಡಿ ಕೊಡಲಾಯಿತು, ಹೋದ ಸಮಯವನ್ನು ಕೊಡಲಾಯಿತು, ಓದುವ ಅಥವಾ ಬರೆಯುವ ಸಹಾಯಕರನ್ನು ಕೊಟ್ಟಿಲ್ಲ.

"ಕಡೀ ಸಾಲ ಇನ್ನೊಮ್ಮೆ ಓದ್ರಿ ಸರ್," ಎಂದಳು.

ಅವರು ಓದಿದರು. ನಾನು ಕೆಳಗೆ ಸಹಿ ಹಾಕಿದೆ. ಅವಳು ನನ್ನ ಪೆನ್ನಿನ ಸದ್ದು ನಿಲ್ಲುವವರೆಗೆ ಕಾದು, ಆಮೇಲೆ ಲ್ಯಾಪ್‌ಟಾಪ್ ಮುಚ್ಚಿದಳು.