ಸೊಸೆಯ ಕಾಲುಂಗುರ, ಅತ್ತೆಯ ಕಾಲಲ್ಲಿ

ಫುಟ್‌ಬಾಲ್ ಶೂಗೆ ಕಾಲು ತೂರಿಸಿದ ಹುಡುಗಿ ನೋವಿನಿಂದ ಮುಖ ಕಿವುಚಿದಳು. ಹೂವಿನಹಡಗಲಿಯ ಅಂಗಡಿಯಲ್ಲಿ ಮಗನಿಗೆ ಶೂ ನೋಡುತ್ತಿದ್ದ ನಾನು ತಿರುಗಿದೆ. ಹೊಸದಾಗಿ ಮದುವೆಯಾದವಳು, ಕಾಲೇಜು ತಂಡದಲ್ಲಿ ಆಡುತ್ತಾಳಂತೆ. ಶೂ ಒಳಗೆ ಕಾಲುಂಗುರ ಬೆರಳಿಗೆ ಒತ್ತುತ್ತಿತ್ತು. ದೊಡ್ಡ ಅಳತೆಯದು ಹಾಕಿದರೆ ಹಿಮ್ಮಡಿಯಿಂದ ಕಳಚುತ್ತಿತ್ತು.

"ಬಿಡ್ರಿ ಅತ್ತಿ, ನಾ ಆಡೋದಿಲ್ಲ" ಎಂದು ಜೊತೆಗೆ ಬಂದಿದ್ದ ಅತ್ತೆಗೆ ಹೇಳಿದಳು. ಗಂಡ ಬದುಕಿರುವಾಗ ಕಾಲುಂಗುರ ತೆಗೆಯುವ ಮಾತನ್ನು ಅವಳು ಎತ್ತಲಿಲ್ಲ. ನಾನಾಗಿದ್ದರೂ ಎತ್ತುತ್ತಿರಲಿಲ್ಲ.

ಅತ್ತೆ ನೆಲದ ಮೇಲೆ ಕೂತರು. ಸೊಸೆಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಕಾಲುಂಗುರಗಳನ್ನು ಒಂದೊಂದಾಗಿ ನಿಧಾನವಾಗಿ ಬಿಡಿಸಿದರು. ಹುಡುಗಿ ಗಾಬರಿಯಾದಳು.

"ಅತ್ತಿ, ಮಂದಿ ಏನಂತಾರ?"

ಅತ್ತೆ ಅವನ್ನು ತಮ್ಮ ಕಾಲುಂಗುರದ ಪಕ್ಕದ ಬೆರಳುಗಳಿಗೆ ಹಾಕಿಕೊಂಡರು.

"ಇವು ಕಾಲಾಗ ಇರ್ಬೇಕು, ಹೌದಿಲ್ಲ? ನೀ ಆಡಿ ಬರೋತನಕ ನನ್ನ ಕಾಲಾಗ ಇರ್ತಾವ. ಮಂದಿ ಬೇಕಾದ್ರ ಬಂದು ಎಣಿಸ್ಲಿ. ಏಳು ಹುಚ್ಚಿ, ಓಡು ನೋಡಾಣ."

ಹುಡುಗಿ ಬೀದಿಗಿಳಿದು ಓಡಿದಳು. ಈ ಸಲ ಅವಳ ಮುಖದಲ್ಲಿ ನೋವಿರಲಿಲ್ಲ.

ಅಂದು ಮನೆಗೆ ಬಂದು ಕಾಲು ತೊಳೆಯುವಾಗ ನನ್ನ ಕಾಲುಂಗುರಗಳನ್ನು ತುಂಬ ಹೊತ್ತು ನೋಡುತ್ತ ನಿಂತೆ. ಒಬ್ಬಳ ಕಾಲುಂಗುರವನ್ನು ಇನ್ನೊಬ್ಬಳು ಕಾಯಬಹುದು ಎಂದು ನನಗೆ ಇದುವರೆಗೆ ಯಾರೂ ಹೇಳಿರಲಿಲ್ಲ.