‘ಸೆಟಲ್’ ಎಂಬ ಆಯಾಸ

ಶಬ್ದಕ್ಕೂ ಮೊಣಕಾಲಿಗೂ ಸಂಬಂಧವಿಲ್ಲವೆಂದು ವೈದ್ಯರು ಹೇಳಬಹುದು. ಆದರೆ ‘ಸೆಟಲ್’ ಎಂಬ ಮಾತು ಕಿವಿಗೆ ಬಿದ್ದೊಡನೆ ಎಲ್ಲಾದರೂ ಕೂತುಬಿಡೋಣವೆನ್ನಿಸುವಷ್ಟು ಆಯಾಸ ನನಗೀಚೆಗೆ ಆಗತೊಡಗಿದೆ. ಎಂಥ ಸರ್ವಾಂತರ್ಯಾಮಿ ಶಬ್ದ ನೋಡಿ! ಮಗನಿಗೆ ನೌಕರಿ ಸಿಕ್ಕರೆ ಸೆಟಲ್, ಮಗಳು ಗಂಡನ ಮನೆ ಸೇರಿದರೆ ಸೆಟಲ್, ಜಗಳ ಬಗೆಹರಿದರೆ ಸೆಟಲ್, ಮದುವೆಯೂಟದ ಮರುದಿನ ಹೊಟ್ಟೆ ತಣ್ಣಗಾದರೂ ಸೆಟಲ್. ಹೊಸ ಗೋಡೆ ಬಿರುಕು ಬಿಟ್ಟಾಗ ಬಿಲ್ಡರ್ ಕೂಡ, ಏನೂ ಆಗಿಲ್ಲ, ಕಟ್ಟಡ ಸೆಟಲ್ ಆಗುತ್ತಿದೆ ಎಂದೇ ಸಮಾಧಾನ ಹೇಳುತ್ತಾನೆ. ಕನ್ನಡದಲ್ಲಿ ‘ನೆಲೆಸು’ ಎಂಬ ಸುಂದರ ಕ್ರಿಯಾಪದವಿದೆ, ನಿಜ. ಅದನ್ನು ನಾವು ದೇವರಿಗೆ ಮೀಸಲಿಟ್ಟಿದ್ದೇವೆ. ತ್ರ್ಯಂಬಕದಲ್ಲಿ ಶಿವ ನೆಲೆಸುತ್ತಾನೆ. ಭಾಲ್ಕಿಯಿಂದ ಹೊಟ್ಟೆಪಾಡಿಗೆ ಬಂದ ನಾವು ಸೆಟಲ್ ಆಗುತ್ತೇವೆ, ಅಥವಾ ಆಗಲು ಹೆಣಗುತ್ತೇವೆ.

ನನ್ನ ಹೆಣಗಾಟ ನಿವೃತ್ತಿಯಿಂದ ಶುರುವಾಯಿತು. ನಾಸಿಕದ ಕಾರ್ಖಾನೆಯೊಂದರಲ್ಲಿ ಆಯುಷ್ಯ ಸವೆಸಿ, ಪಂಚವಟಿಯ ಓಣಿಯ ಬಾಡಿಗೆ ಮನೆಯಲ್ಲಿ ಸಂಸಾರ ಬೆಳೆಸಿದವನು ನಾನು. ಇನ್ನಾದರೂ ಸ್ವಂತ ಸೂರಿನಡಿ ಇರೋಣ, ಭಾಲ್ಕಿಗೂ ಸ್ವಲ್ಪ ಸಮೀಪವಾಗುತ್ತದೆ ಎಂದು ನಾಲ್ಕೈದು ತಾಸಿನ ದಾರಿಯ ಸಂಭಾಜಿನಗರದಲ್ಲೊಂದು ಫ್ಲ್ಯಾಟ್ ಕೊಂಡೆವು. ನನ್ನ ಹೆಂಡತಿ ಮಹಾದೇವಿ ಹೂಂ ಅಂದಳು. ಮಳೆಗಾಲ ಹಿಡಿಯುವ ಮೊದಲೇ ಸಾಮಾನೆಲ್ಲ ಲಾರಿ ಹತ್ತಿತು.

ಫ್ಲ್ಯಾಟಿಗೆ ಗಾಳಿ ಬೆಳಕು ಧಾರಾಳ, ಲಿಫ್ಟೂ ಇತ್ತು. ನಳದಲ್ಲಿ ನೀರು ಮಾತ್ರ ಅಪರೂಪದ ಅತಿಥಿಯಂತೆ ನಾಲ್ಕಾರು ದಿನಕ್ಕೊಮ್ಮೆ ದರ್ಶನ ಕೊಡುತ್ತಿತ್ತು. ಅದನ್ನು ಡ್ರಮ್ಮಿಗೆ ತುಂಬಿ, ರಾಡಿ ಸೆಟಲ್ ಆಗುವುದನ್ನು ನಾನು ತಪಸ್ವಿಯಂತೆ ಕಾಯುತ್ತಿದ್ದೆ. ಮಹಾದೇವಿ ಅಡುಗೆಯ ಪಾತ್ರೆ, ದೇವರ ಸಾಮಾನು ಬಿಟ್ಟರೆ ಉಳಿದ ಗಂಟುಗಳನ್ನು ಬಿಚ್ಚಲೇ ಇಲ್ಲ. ಕೇಳಿದರೆ ನಾಳೆ ಎನ್ನುತ್ತಿದ್ದಳು. ಮಾತು ದಿನೇ ದಿನೇ ಕಡಿಮೆಯಾಯಿತು. ನಾನು ಅದನ್ನು ವಯಸ್ಸಿನ ಖಾತೆಗೆ ಹಾಕಿದೆ.

ದಸರಾ ಮುಗಿದ ಮೇಲೆ, ಪಂಚವಟಿಯ ನೆರೆಯಾಕೆ ಕುಸುಮತಾಯಿ ಸೊಸೆಯ ಸೀಮಂತಕ್ಕೆ ಕರೆದರು. ಎರಡು ದಿನಕ್ಕೆಂದು ಹೋದ ಮಹಾದೇವಿ ವಾರ ಕಳೆದರೂ ಬರಲಿಲ್ಲ. ಫೋನಿನಲ್ಲಿ ಊಟ ಆಯಿತೇ ಎಂದು ಕೇಳುವಳೇ ಹೊರತು ಬರುವ ಮಾತೆತ್ತಳು. ಅನ್ನವನ್ನು ಸೀಯಿಸಿ, ಬೇಳೆಯನ್ನು ಅರೆಬೇಯಿಸಿ ತಿಂದು ಸಾಕಾಗಿ, ಕೊನೆಗೆ ಒಂದು ಮುಂಜಾನೆ ನಾಸಿಕದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಹೊಂದಿಸಿಕೊಂಡೆ. ಬಸ್ಸಿನ ಕುಲುಕಾಟದಲ್ಲಿ ಒಂದು ವಾಕ್ಯವೂ ನಿಲ್ಲಲಿಲ್ಲ.

ಕುಸುಮತಾಯಿಯ ಪಡಸಾಲೆಯಲ್ಲಿ ನಾಲ್ವರು ಹೆಂಗಸರ ನಡುವೆ ಕೂತು ಮಹಾದೇವಿ ಮೆಂತ್ಯಸೊಪ್ಪು ಸೋಸುತ್ತ, ಯಾವುದೋ ಮಾತಿಗೆ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಆ ನಗೆಯನ್ನು ನಾನು ಕೇಳಿ ತಿಂಗಳುಗಳಾಗಿದ್ದವು. ನನ್ನನ್ನು ಕಂಡೊಡನೆ ಅದು ನಿಂತಿತು. ಬಸ್ಸಿನಲ್ಲಿ ಕೂಡಿಸಿದ್ದ ಸಿಟ್ಟೆಲ್ಲ ಅಲ್ಲಿಯೇ ಇಳಿದುಹೋಯಿತು.

ಸಂಜೆ ಇಬ್ಬರೂ ಗೋದಾವರಿಯ ಮೆಟ್ಟಿಲ ಮೇಲೆ ಕೂತೆವು. ಅವಳೇ ಮಾತು ತೆಗೆದಳು.

“ಹೂಂ ಅಂದಿದ್ದೆ, ಖರೆ. ಆಗ ನನಗೂ ಚಲೋ ಅನಸಿತ್ರಿ. ಮನಿ ಈಗೂ ಚಲೋನೇ ಅದ. ಆದ್ರ ಅಲ್ಲಿ ನನ್ನ ಹೆಸರು ಹಿಡಿದು ಕರಿಯೋರು ಒಬ್ಬರೂ ಇಲ್ಲ.”

“ನಾ ಇದ್ದೀನಲ್ಲ?”

“ನೀವು ಯಾವಾಗ ಹೆಸರು ಹಿಡಿದು ಕರದೀರಿ? ‘ಏ, ಇಲ್ಲಿ ಕೇಳು’ ಅಂತೀರಿ.”

ಯೋಚಿಸಿದರೆ, ಆ ಕಟ್ಟಡದ ಕಾವಲುಗಾರನಿಗೆ ನಾನೂ ಬರೀ ಒಂದು ಫ್ಲ್ಯಾಟಿನ ನಂಬರು.

ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟೆವು. ಈಗ ನಾವಿರುವುದು ಪಂಚವಟಿಯಲ್ಲಿ, ಕುಸುಮತಾಯಿಯ ಮನೆಯ ಹಿಂದಿನ ಓಣಿಯ ಮೂರನೆಯ ಮಹಡಿಯ ಎರಡು ಕೋಣೆಗಳಲ್ಲಿ. ಮೆಟ್ಟಿಲುಗಳು ಕಡಿದಾಗಿವೆ, ಪ್ರತಿ ತಿರುವಿನಲ್ಲೂ ನಿಂತು, ನೋಟವನ್ನು ಸವಿಯುವವನಂತೆ ನಟಿಸಿ ಉಸಿರು ತೆಗೆದುಕೊಳ್ಳುತ್ತೇನೆ. ಈ ವಯಸ್ಸಿನಲ್ಲಿ ಇದೇನು ಹುಚ್ಚಾಟವೆಂದು ಬಂಧುಗಳು ಕೇಳುತ್ತಾರೆ. ವಾದಿಸುವ ತ್ರಾಣ ನನಗಿಲ್ಲ.

ಮೊನ್ನೆ ಭಾಲ್ಕಿಯಿಂದ ಅಕ್ಕನ ಫೋನು ಬಂತು.

“ಏನೋ ತಮ್ಮಾ, ಈಗರ ಸೆಟಲ್ ಆದ್ರಿಲ್ಲೋ? ಮಹಾದೇವಿಗಿ ಕೊಡು.”

ಮನೆಯೊಳಗೆ ಹಣಿಕಿದೆ. ಬಾಗಿಲು ತೆರೆದೇ ಇತ್ತು, ಒಲೆ ಆರಿತ್ತು, ಅವಳ ಚಪ್ಪಲಿ ಮಾತ್ರ ಅಲ್ಲಿರಲಿಲ್ಲ.

“ಓಣ್ಯಾಗ ಎಲ್ಲೋ ಹೋಗ್ಯಾಳ, ಅಕ್ಕಾ.”

“ಯಾವಾಗ ಬರ್ತಾಳ?”

“ಯಾರಿಗ್ಗೊತ್ತು,” ಎಂದೆ, ಮತ್ತು ಒಳಗೆ ಹೋಗಿ ಬಹಳ ದಿನಗಳ ಮೇಲೆ ಚಾಪೆಯ ಮೇಲೆ ನಿಶ್ಚಿಂತೆಯಿಂದ ಕಾಲು ಚಾಚಿದೆ.